ಲೂಪಸ್ ರೋಗಿಯ ಚೀಟಿಯಲ್ಲಿ ಗುರಿಯೂ ಇರಲಿ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಆಳಂದ ತಾಲ್ಲೂಕಿನ ಒಬ್ಬ ಪ್ರೌಢಶಾಲಾ ಶಿಕ್ಷಕ. ನನ್ನ ತಂಗಿಗೆ ಲೂಪಸ್ ಇದೆ. ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳುವ ಈ ಕಾಯಿಲೆ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಣ್ಣುಮಕ್ಕಳು, ಅವರಲ್ಲೂ ಹೆಚ್ಚಿನವರು ದುಡಿಯುವ, ಹೆರುವ ವಯಸ್ಸಿನವರು. ಬಿಸಿಲು ತಾಗಿದರೆ ಕೆರಳುವ ರೋಗವನ್ನು ಹೊತ್ತುಕೊಂಡು ನಮ್ಮ ಸೀಮೆಯ ತೊಗರಿ ಹೊಲಗಳಲ್ಲಿ ಕೂಲಿ ಮಾಡುವುದು ಎಷ್ಟು ಕಷ್ಟವೆಂದು ಇಲ್ಲಿಯವರೇ ಆದ ತಮಗೆ ವಿವರಿಸಬೇಕಾಗಿಲ್ಲ.

ತಂಗಿಯ ಮುಖದಲ್ಲಿ ಕೆಂಪು ಕಲೆ ಮೂಡಿ, ಬೆರಳ ಕೀಲುಗಳು ಬಾತು, ಕಾಯಿಲೆಯ ಹೆಸರು ತಿಳಿಯುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ಒಂದು ಆಸ್ಪತ್ರೆಯಲ್ಲಿ ದಿನಕ್ಕೆ 20 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಗುಳಿಗೆ ಬರೆದುಕೊಟ್ಟರು. ನೋವು ಇಳಿಯಿತು. ಅದೇ ಚೀಟಿ ತೋರಿಸಿ ಅದೇ ಗುಳಿಗೆಯನ್ನು ಹದಿನಾಲ್ಕು ತಿಂಗಳು ಕೊಂಡೆವು. ಎಲ್ಲಿಯವರೆಗೆ ನುಂಗಬೇಕು, ಯಾವಾಗ ಎಷ್ಟಕ್ಕೆ ಇಳಿಸಬೇಕು, ಏನಾದರೆ ಚಿಕಿತ್ಸೆ ಫಲಿಸಿತೆಂದು ತಿಳಿಯಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ನಮಗೂ ಕೇಳಬೇಕೆಂದು ತೋಚಲಿಲ್ಲ. ನೋವಿಲ್ಲವೆಂದರೆ ಗುಣವೆಂದೇ ನಂಬಿದ್ದೆವು. ಆ ಅವಧಿಯಲ್ಲಿ ಒಮ್ಮೆಯೂ ಮೂತ್ರ ತಪಾಸಣೆ ಆಗಲಿಲ್ಲ. ಲೂಪಸ್ ಮೂತ್ರಪಿಂಡಕ್ಕೆ ತಗುಲಿದಾಗ ಮೊದಮೊದಲು ನೋವೇ ಇರುವುದಿಲ್ಲ ಎಂಬ ಸಂಗತಿ ಅವಳ ಕಾಲು ಬಾತ ಮೇಲೆ, ಹೈದರಾಬಾದಿನಲ್ಲಿ ತಿಳಿಯಿತು.

ಅಲ್ಲಿಯ ವೈದ್ಯರು ಮೂತ್ರಪಿಂಡದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಮಾಡಿಸಿ, ಔಷಧದ ಜೊತೆಗೆ ಗುರಿಯನ್ನೂ ಬರೆದುಕೊಟ್ಟರು. ಮೂತ್ರದಲ್ಲಿ ಸೋರುವ ಪ್ರೋಟೀನು ಮೂರು ತಿಂಗಳಲ್ಲಿ ಕಾಲುಭಾಗವಾದರೂ ತಗ್ಗಬೇಕು, ಆರು ತಿಂಗಳಲ್ಲಿ ಅರ್ಧಕ್ಕಿಳಿಯಬೇಕು, ವರ್ಷ ತುಂಬುವಷ್ಟರಲ್ಲಿ ಆ ಸೋರಿಕೆಯನ್ನು ಅಳೆಯುವ ಪ್ರೋಟೀನು–ಕ್ರಿಯಾಟಿನಿನ್ ಅನುಪಾತ 0.7ಕ್ಕಿಂತ ಕೆಳಗೆ ಬರಬೇಕು. ಹಾಗಾಗದಿದ್ದರೆ ಚಿಕಿತ್ಸೆಯನ್ನೇ ಬದಲಿಸಬೇಕು. ಅವರು ತಂಗಿಗೆ ಇನ್ನೊಂದು ಪ್ರಶ್ನೆ ಕೇಳಿದರು: ನಿನಗೆ ಏನಾಗಬೇಕು? ಮಗು ಬೇಕು ಎಂದಳು. ಅದೂ ಆ ಹಾಳೆಯಲ್ಲಿ ದಾಖಲಾಯಿತು. ಬಸಿರಾಗುವ ಮುಂಚೆ ರೋಗ ಕನಿಷ್ಠ ಆರು ತಿಂಗಳು ತಣ್ಣಗಿರಬೇಕು, ಲೂಪಸ್‌ಗೆ ಕೊಡುವ, ಆದರೆ ಗರ್ಭದ ಕೂಸಿಗೆ ಹಾನಿಮಾಡುವ ಮೈಕೋಫಿನೋಲೇಟ್ ಗುಳಿಗೆಯನ್ನು ಮೊದಲೇ ನಿಲ್ಲಿಸಿ ಬೇರೆಯದಕ್ಕೆ ಬದಲಾಯಿಸಬೇಕು ಎಂಬುದನ್ನು ಅವಳಿಗೆ ಅರ್ಥವಾಗುವಂತೆ ಹೇಳಿದರು. ಅಂದಿನಿಂದ ಅವಳು ಒಂದು ಗುಳಿಗೆಯನ್ನೂ ತಪ್ಪಿಸಿಲ್ಲ.

ಇದು ಆ ವೈದ್ಯರೊಬ್ಬರ ಸ್ವಂತ ಪದ್ಧತಿಯಲ್ಲ. ಲೂಪಸ್‌ಗೆ ಗುರಿಯಿಟ್ಟು ಚಿಕಿತ್ಸೆ ಮಾಡಬೇಕು, ಆ ಗುರಿಯನ್ನು ವೈದ್ಯರು ಮತ್ತು ರೋಗಿ ಕೂಡಿ ನಿರ್ಧರಿಸಬೇಕು ಎಂದು ಅಂತಾರಾಷ್ಟ್ರೀಯ ತಜ್ಞರು 2014ರಲ್ಲೇ ಶಿಫಾರಸು ಮಾಡಿದ್ದಾರೆ. ರೋಗ ಶಮನವೆಂದರೇನು ಎಂಬುದಕ್ಕೆ 2021ರಲ್ಲಿ ಸ್ಪಷ್ಟ ವ್ಯಾಖ್ಯೆ ಬಂತು: ರೋಗದ ಲಕ್ಷಣಗಳು ಕಾಣಬಾರದು, ಪ್ರೆಡ್ನಿಸೋಲೋನ್ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು. ಅಷ್ಟು ಸಾಧ್ಯವಾಗದವರಿಗೆ ರೋಗವನ್ನು ಕಡಿಮೆ ಮಟ್ಟದಲ್ಲಿ ಹಿಡಿದಿಡುವ ಗುರಿಯಿದೆ. ಅಲ್ಲಿಯೂ ಸ್ಟಿರಾಯ್ಡ್‌ನ ಮಿತಿ 7.5 ಮಿಲಿಗ್ರಾಂ. ನನ್ನ ತಂಗಿ ಹದಿನಾಲ್ಕು ತಿಂಗಳು ನುಂಗಿದ್ದು ದಿನಕ್ಕೆ 20.

ಸಂವಿಧಾನದ 371ಜೆ ವಿಧಿಯಡಿ ರಚನೆಯಾದ ತಮ್ಮ ಮಂಡಳಿಯಿಂದ ನಾನು ಹೊಸ ಕಟ್ಟಡವನ್ನು ಕೇಳುತ್ತಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ತಿಂಗಳಿಗೊಂದು ದಿನವಾದರೂ ಲೂಪಸ್ ರೋಗಿಗಳನ್ನು ತಜ್ಞರು ನೋಡುವಂತಾಗಲಿ, ತಜ್ಞರು ಬರಲಾಗದಿದ್ದರೆ ದೂರವೈದ್ಯಕೀಯದ ಮೂಲಕವಾದರೂ ನೋಡಲಿ. ಪ್ರತಿ ರೋಗಿಯ ಕೈಗೆ ಕನ್ನಡದಲ್ಲಿ ಮುದ್ರಿಸಿದ ಒಂದು ಕಾರ್ಡು ಕೊಟ್ಟು, ಅದರಲ್ಲಿ ಅವಳ ಗುರಿ, ಈಗಿನ ಸ್ಟಿರಾಯ್ಡ್ ಪ್ರಮಾಣ, ಅದನ್ನು ಇಳಿಸುವ ಕ್ರಮ, ಮುಂದಿನ ತಪಾಸಣೆಯ ದಿನಾಂಕ ಬರೆದಿರಲಿ. ಯಾವ ಊರಿನ ವೈದ್ಯರ ಮುಂದೆ ಕೂತರೂ ಅವಳು ಅದನ್ನು ತೋರಿಸಬಲ್ಲಳು. ಹೆಚ್ಚುಕಡಿಮೆ ಎಲ್ಲ ಲೂಪಸ್ ರೋಗಿಗಳಿಗೂ ಬೇಕಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ತಪ್ಪದೆ ದೊರೆಯಲಿ, ಅದನ್ನು ನುಂಗುವವರಿಗೆ ಕಣ್ಣಿನ ಪರೀಕ್ಷೆಯೂ ಆಗಲಿ. ಇವೆಲ್ಲಕ್ಕಿಂತ ಮೊದಲು, ಮೂತ್ರದ ಪ್ರೋಟೀನು–ಕ್ರಿಯಾಟಿನಿನ್ ತಪಾಸಣೆ ತಾಲ್ಲೂಕು ಮಟ್ಟದಲ್ಲಿ ಉಚಿತವಾಗಿ ಸಿಗಲಿ. ಅಳೆಯದೆ ಹೋದರೆ ಗುರಿ ಮುಟ್ಟಿತೋ ಇಲ್ಲವೋ ಎಂದು ವೈದ್ಯರಿಗೂ ತಿಳಿಯದು.

ತಂಗಿಯ ಆರು ತಿಂಗಳ ತಪಾಸಣೆ ಬರುವ ತಿಂಗಳಿದೆ. ಅದಕ್ಕಾಗಿ ಅವಳ ಗಂಡ ಒಂದು ದಿನದ ಕೂಲಿ ಬಿಟ್ಟು ಅವಳನ್ನು ಕಲಬುರಗಿಯ ಖಾಸಗಿ ಪ್ರಯೋಗಾಲಯಕ್ಕೆ ಕರೆತರುತ್ತಾನೆ. ವರ್ಷದ ತಪಾಸಣೆಯಾದರೂ ಆಳಂದದಲ್ಲೇ ಆಗುವಂತೆ ತಾವು ಆದೇಶಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಆಳಂದ ತಾಲ್ಲೂಕಿನ ಒಬ್ಬ ಶಿಕ್ಷಕ