ಆರೋಗ್ಯ ಸಚಿವರೇ, ಅರ್ಧ ಮಾತ್ರೆ ಜಾಸ್ತಿ ಮಾಡಲು 19 ಕಿಲೋಮೀಟರ್ ಕಳಿಸಬೇಕೇ?

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಮಲೆನಾಡಿನ ಒಂದು ಸಬ್ ಸೆಂಟರಿನ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ಬೋರ್ಡಿನಲ್ಲಿ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಇದೆ, ಊರವರಿಗೆ ನಾನು ಸಿಸ್ಟರ್. ಬಿಎಸ್ಸಿ ನರ್ಸಿಂಗ್ ಓದಿ, ಸಮುದಾಯ ಆರೋಗ್ಯದ 6 ತಿಂಗಳ ತರಬೇತಿ ಮುಗಿಸಿ ಬಂದವಳು. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವುದು, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ಬಸುರಿ ಬಾಣಂತಿಯರ ಆರೈಕೆ, ಎಲ್ಲಾ ನನ್ನ ಕೆಲಸ. ಅದರ ಬಗ್ಗೆ ದೂರಿಲ್ಲ, ಇಷ್ಟಪಟ್ಟೇ ಮಾಡುತ್ತೇನೆ.

ಕಳೆದ ಮಳೆಗಾಲದ ಒಂದು ದಿನದ ಬಗ್ಗೆ ಹೇಳಬೇಕು. ತೋಟದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸಮಯ. ಕೂಲಿಗೆ ಹೋಗುವ ಒಬ್ಬ ಅಮ್ಮ ದಾರಿಯಲ್ಲೇ ಬಂದು ಕೂತರು. ಬಿಪಿ 170/104. ಹಿಂದಿನ ಎರಡು ಸಲವೂ ಹೀಗೇ ಇತ್ತು. ಡಾಕ್ಟರು ಬರೆದ ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಒಂದು ದಿನವೂ ಬಿಟ್ಟಿಲ್ಲ. ಡೋಸ್ ಹೆಚ್ಚಿಸಬೇಕು, ಇಲ್ಲವೇ ಇನ್ನೊಂದು ಮಾತ್ರೆ ಸೇರಿಸಬೇಕು ಅಂತ ನನಗೆ ಗೊತ್ತು. ಮಾತ್ರೆಯೂ ನನ್ನ ಕಪಾಟಿನಲ್ಲೇ ಇದೆ. ಆದರೆ ಡಾಕ್ಟರ ಮಾತಿಲ್ಲದೆ ನಾನು ಬದಲಿಸುವ ಹಾಗಿಲ್ಲ. ವಿಡಿಯೊ ಕರೆ ಹಚ್ಚಿದೆ, ಮಳೆಗೆ ನೆಟ್‌ವರ್ಕ್ ಹೋಯಿತು. ಡಾಕ್ಟರು ಇರುವ ಪ್ರಾಥಮಿಕ ಆರೋಗ್ಯ ಕೇಂದ್ರ 19 ಕಿಲೋಮೀಟರ್ ದೂರ, ಬೆಳಗ್ಗೆ ಒಂದೇ ಬಸ್ಸು. 'ನಾಳೆ ಹೋಗಿ ಬನ್ನಿ ಅಮ್ಮ' ಅಂದೆ. ಅವರು ಹೋಗಲಿಲ್ಲ. ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಅಲ್ವಾ? 12 ದಿನ ಬಿಟ್ಟು ತಲೆ ಹಿಡಿದುಕೊಂಡು ಬಂದರು. ಅವತ್ತು ಪುಣ್ಯಕ್ಕೆ ಡಾಕ್ಟರು ಫೋನಿಗೆ ಸಿಕ್ಕರು, ಡೋಸ್ ಬದಲಾಯಿತು, ಈಗ ಬಿಪಿ ಹತೋಟಿಯಲ್ಲಿದೆ. ಆ 12 ದಿನದಲ್ಲಿ ಲಕ್ವ ಹೊಡೆದಿದ್ದರೆ ಅನ್ನುವ ಯೋಚನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಫಾರ್ಮಕಾಲಜಿ (ಔಷಧಶಾಸ್ತ್ರ) ಓದಿದ ಗೆಳತಿ ಈಗ ಇಂಗ್ಲೆಂಡಿನಲ್ಲಿ ಅಡ್ವಾನ್ಸ್ಡ್ ನರ್ಸ್ ಪ್ರಾಕ್ಟಿಷನರ್. ಅಲ್ಲಿ ಅದಕ್ಕಾಗಿಯೇ ಓದಿ ಪಾಸಾದ ನರ್ಸುಗಳು ತಮಗೆ ತಿಳಿದ ವ್ಯಾಪ್ತಿಯಲ್ಲಿ ಬಹುತೇಕ ಎಲ್ಲ ಔಷಧಿಯನ್ನೂ 2006ರಿಂದ ತಾವೇ ಬರೆಯುತ್ತಿದ್ದಾರೆ. ಅವಳು ಮಾಸ್ಟರ್ಸ್ ಮಾಡಿದ್ದಾಳೆ, ನಾನು ಮಾಡಿಲ್ಲ, ಅದು ನಿಜ. ಹಾಗಾಗಿ ಅವಳಿಗಿರುವ ಅಧಿಕಾರವೆಲ್ಲ ನನಗೆ ಬೇಕು ಅಂತ ನಾನು ಕೇಳುತ್ತಿಲ್ಲ.

ನಮ್ಮಲ್ಲೂ ದಾರಿ ಇಲ್ಲದೇ ಇಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಸಮುದಾಯ ಆರೋಗ್ಯ ಸೇವೆ ಕೊಡುವವರಿಗೆ ಔಷಧಿ ಬರೆಯಲು ಸೀಮಿತ ಲೈಸೆನ್ಸ್ ಕೊಡುವ ಮಾತಿದೆ. ಡಾಕ್ಟರುಗಳು ಆಗ ಅದನ್ನು ಜೋರಾಗಿ ವಿರೋಧಿಸಿದರು. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ, ಅರೆಬರೆ ಕಲಿತವರ ಕೈಗೆ ಔಷಧಿ ಸಿಕ್ಕರೆ ಏನಾಗುತ್ತದೆ ಅಂತ ಹಳ್ಳಿಯಲ್ಲಿ ನಾನೂ ನೋಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಕಲಿಸಿ. ಐಸಿಯು ಕೆಲಸಕ್ಕೆ 2 ವರ್ಷದ ನರ್ಸ್ ಪ್ರಾಕ್ಟಿಷನರ್ ಪಿಜಿ ಕೋರ್ಸ್ ಇದೆಯಲ್ಲ, ಸಬ್ ಸೆಂಟರಿನ ಕೆಲಸಕ್ಕೂ ಅಷ್ಟೇ ಗಟ್ಟಿಯಾದ ಓದು ಬೇಕು, ಕೆಲಸ ಬಿಡದೆ ಓದುವ ಹಾಗಿರಬೇಕು. ಅಲ್ಲಿಯವರೆಗೆ, ಡಾಕ್ಟರು ಒಮ್ಮೆ ನೋಡಿ ಚಿಕಿತ್ಸೆ ಶುರು ಮಾಡಿದ ಬಿಪಿ, ಶುಗರ್ ರೋಗಿಗಳಿಗೆ ಮಾತ್ರ, ಯಾವ ಮಾತ್ರೆ, ಎಷ್ಟರವರೆಗೆ, ಯಾವಾಗ ರೆಫರ್ ಮಾಡಲೇಬೇಕು ಅಂತ ಒಂದು ಲಿಖಿತ ಆದೇಶ ಕೊಡಿಸಿ. ಬಾಯಿಮಾತಿನ ಅನುಮತಿ ಬೇಡ ಸರ್, ನಾಳೆ ಏನಾದರೂ ಆದರೆ ಅದು ನಮ್ಮನ್ನು ಕಾಯುವುದಿಲ್ಲ.

ಆ ಅಮ್ಮನ ಮುಂದಿನ ತಪಾಸಣೆ ಬರುವ ತಿಂಗಳು. ಮಳೆ ಮತ್ತೆ ಶುರುವಾಗಿರುತ್ತದೆ.

ಇತಿ,
ಒಬ್ಬ ಸಿಎಚ್‌ಒ