ಸ್ಟಿಕ್ಕರ್ ಅಡಿಯಲ್ಲಿದ್ದ ಬೆಲೆ: ಬ್ಯಾಂಡ್ ಟೀ ಶರ್ಟ್ ಮಾರಾಟಗಾರರಿಗೊಂದು ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು (ಅಂಥವರೊಬ್ಬರು ಇದ್ದರೆ),
ಬೆಂಗಳೂರು

ವಿಷಯ: ಎಂಆರ್‌ಪಿ ಮೀರಿ ಹಣ ಪಡೆದದ್ದು ಮತ್ತು ದೋಷವಿರುವ ಟೀ ಶರ್ಟನ್ನು ಹಿಂಪಡೆಯಲು ನಿರಾಕರಿಸಿದ್ದು

ಮಾನ್ಯರೇ,

ನಿಮ್ಮ ಜಾಲತಾಣದಲ್ಲಿ ರಾಕ್ ಬ್ಯಾಂಡೊಂದರ ಅಧಿಕೃತ ಟೀ ಶರ್ಟನ್ನು 2,499 ರೂಪಾಯಿ ಕೊಟ್ಟು ತರಿಸಿಕೊಂಡೆ. ಮೊದಲ ಒಗೆತಕ್ಕೇ ಎದೆಯ ಮೇಲಿನ ಅಚ್ಚು ಬಿರುಕು ಬಿಟ್ಟು, ಬ್ಯಾಂಡಿನ ಹೆಸರಿನಿಂದ ಎರಡು ಅಕ್ಷರ ಉದುರಿದವು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಶಿವಮೊಗ್ಗದ ಮಳೆಗಾಲದ ಥಂಡಿಗೆ ಟ್ಯಾಗಿನ ಮೇಲಿದ್ದ ಸ್ಟಿಕ್ಕರ್ ತಾನಾಗಿಯೇ ಮೂಲೆ ಎತ್ತಿತು. ಅದರಡಿ ಎಲ್ಲ ತೆರಿಗೆ ಸೇರಿ 1,499 ಎಂದು ಅಚ್ಚಾಗಿದೆ. ಬೆಲೆ ಇಳಿಸುವಾಗ ಮಾತ್ರ ಸ್ಟಿಕ್ಕರ್ ಹಚ್ಚಬಹುದು, ಆಗಲೂ ಮೂಲ ಬೆಲೆಯನ್ನು ಮುಚ್ಚುವಂತಿಲ್ಲ ಎನ್ನುತ್ತವೆ ಪೊಟ್ಟಣದ ಸರಕಿನ ತೂಕ, ಅಳತೆ, ಬೆಲೆಗಳ ಕುರಿತಾದ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು. ಮಾರಾಟವೇ ಕಸುಬಾದ ನಿಮಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಗ್ರಾಹಕ ಸೇವೆಗೆ ಕರೆ ಮಾಡಿ ವಿನಯದಿಂದಲೇ ಕೇಳಿ ನೋಡಿದೆ. ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಕಥೆ ಮೊದಲಿನಿಂದ. ಕೊನೆಯ ಕರೆಯನ್ನು ಮಾತ್ರ ವಿವರವಾಗಿ ಬರೆಯುತ್ತೇನೆ. ‘ಗುಣಮಟ್ಟಕ್ಕಾಗಿ’ ನೀವೂ ಅದನ್ನು ಧ್ವನಿಮುದ್ರಿಸಿಕೊಂಡಿದ್ದೀರಿ, ತಾಳೆ ನೋಡಿಕೊಳ್ಳಿ.

ಶಿವಮೊಗ್ಗದ ಗಾಂಧಿ ಬಜಾರಿನ ನನ್ನ ಪುಸ್ತಕದಂಗಡಿಯ ಗಲ್ಲಾದಲ್ಲಿ ಕುಳಿತು ರಸೀದಿ ಬರೆಯುತ್ತಿದ್ದೆ, ಹಾಗಾಗಿ ಫೋನಿನ ಸ್ಪೀಕರ್ ಹಾಕಿದ್ದೆ. ಎದುರಿಗೆ ಗೆಳೆಯರು, ಮಗ್ಗಿ ಪುಸ್ತಕ ಕೊಳ್ಳಲು ಬಂದ ತಾಯಿ ಮತ್ತು ಮಗು. ನಿಮ್ಮ ಪ್ರತಿನಿಧಿ ಆರ್ಡರ್ ಸಂಖ್ಯೆ ಕೇಳಿದರು, ಕೊಟ್ಟೆ. ಊರು ಕೇಳಿದರು, ಹೇಳಿದೆ. “ಶಿವಮೊಗ್ಗದಲ್ಲಿ ರಾಕ್ ಕೇಳುತ್ತಾರಾ ಸರ್?” ಎಂದರು. ಕೇಳುತ್ತೇವೆ ಎಂದೆ. “ಮಗನಿಗೆ ತರಿಸಿದ್ದಾ?” ಇಲ್ಲ, ನನಗೇ ಎಂದೆ. ವಯಸ್ಸು ಕೇಳಿದರು. ಇದು ಯಾವ ಕಲಮಿನ ಪ್ರಶ್ನೆಯೋ ತಿಳಿಯದೆ ಅದನ್ನೂ ಹೇಳಿದೆ. ಹಾಗಾದರೆ ಆ ಬ್ಯಾಂಡಿನ ಮೂರು ಆಲ್ಬಂ ಹೆಸರಿಸಿ ನೋಡೋಣ ಎಂದರು. ಐದು ಹೆಸರಿಸಿದೆ. ಮಗು ಬೆರಳು ಮಡಚಿ ಎಣಿಸುತ್ತಿತ್ತು. “ನಿಜವಾದ ಅಭಿಮಾನಿ ಸಾವಿರ ರೂಪಾಯಿಗೆ ಜಗಳವಾಡುವುದಿಲ್ಲ ಸರ್, ಬ್ಯಾಂಡಿನವರು ಬದುಕುವುದೇ ಇದರಿಂದ. ಮತ್ತೆ, ಒಗೆದ ಬಟ್ಟೆಯನ್ನು ನಾವು ವಾಪಸ್ ತೆಗೆದುಕೊಳ್ಳುವುದಿಲ್ಲ” ಎಂದು ಕರೆ ಕಡಿದರು. ಗೆಳೆಯರು ನಕ್ಕರು. ಆ ತಾಯಿ ನಗದೆ ಚಿಲ್ಲರೆ ಎಣಿಸಿಕೊಂಡು ಹೋದರು. ನನಗೆ ಹೆಚ್ಚು ಚುಚ್ಚಿದ್ದು ಅದೇ.

ಬ್ಯಾಂಡಿನವರು ಹೇಗೆ ಬದುಕುತ್ತಾರೆಂಬ ಪಾಠ ನನಗೆ ಬೇಡ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬ್ಯಾಂಡ್ ನುಡಿಸಿದಾಗ ಇಲ್ಲಿಂದ ಬಸ್ಸು ಹಿಡಿದು ಹೋಗಿ ನಿಂತಿದ್ದೆ. 2011ರಲ್ಲಿ ಮೆಟಾಲಿಕಾ ಬಂದಾಗಲೂ. ಟೀ ಶರ್ಟಿಗೆ ಇಷ್ಟೊಂದು ಬೆಲೆಯೇ ಎಂದು ಗೆಳೆಯರು ವಾದಕ್ಕಿಳಿದಾಗಲೆಲ್ಲ ಬೆಲೆಯ ಪರ ನಿಲ್ಲುವವನು ನಾನೊಬ್ಬನೇ. ಸ್ಟ್ರೀಮಿಂಗ್‌ನಲ್ಲಿ ಒಂದು ಹಾಡು ಒಮ್ಮೆ ಕೇಳಿದರೆ ಹುಟ್ಟುವುದು ಪೈಸೆಗಳ ಲೆಕ್ಕ. ಪ್ರವಾಸದ ಗಳಿಕೆಯಲ್ಲಿ ಸಿಬ್ಬಂದಿ, ಸಾಗಣೆ, ಹೋಟೆಲ್, ಮ್ಯಾನೇಜರ್ ಕಮಿಷನ್ ಎಲ್ಲ ಕಳೆದು ಉಳಿದದ್ದು ಬ್ಯಾಂಡಿಗೆ. ಸಾಲದ್ದಕ್ಕೆ ಎಷ್ಟೋ ಸಭಾಂಗಣಗಳು ಟೀ ಶರ್ಟಿನ ಹಣದಲ್ಲೂ ಪಾಲು ಕೀಳುತ್ತವೆ. ತನ್ನ ಕ್ಲಬ್ಬುಗಳಲ್ಲಿ ಆ ಪಾಲು ಬಿಡುತ್ತೇನೆಂದು ಸಂಗೀತ ಕಛೇರಿಗಳನ್ನು ಏರ್ಪಡಿಸುವ ಅಮೆರಿಕದ ಕಂಪನಿ ಲೈವ್ ನೇಷನ್ 2023ರಲ್ಲಿ ಹೇಳಿದ್ದೇ ಸುದ್ದಿಯಾಯಿತು. ಆದರೆ ನೀವು ಮಾರಿದ್ದು ಜಾಲತಾಣದಲ್ಲಿ. ಅಲ್ಲಿ ಪಾಲು ಕೇಳಲು ಯಾವ ಸಭಾಂಗಣದ ಮಾಲೀಕ ನಿಂತಿದ್ದ? ಸ್ಟಿಕ್ಕರ್ ಏರಿಸಿದ ಸಾವಿರದಲ್ಲಿ ಬ್ಯಾಂಡಿಗೆ ಹೋದದ್ದೆಷ್ಟು, ಅಂಟಿಗೆ ಹೋದದ್ದೆಷ್ಟು? ಕಲಾವಿದರ ಹಸಿವನ್ನು ಮುಂದಿಟ್ಟು ನೀವು ಉಣ್ಣುವುದೇ ಆದರೆ, ಅವರ ಹೆಸರಾದರೂ ಉದುರದಂತೆ ಅಚ್ಚು ಹಾಕಿಸಿ.

2020ರ ಇ-ವಾಣಿಜ್ಯ ನಿಯಮಗಳಂತೆ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ದೋಷವಿರುವ ಸರಕನ್ನು ಹಿಂಪಡೆಯುವುದಿಲ್ಲ ಎನ್ನುವಂತಿಲ್ಲ. ಒಗೆಯದೆಯೇ ಅಚ್ಚಿನ ಬಾಳಿಕೆ ತಿಳಿಯುವ ವಿದ್ಯೆ ನಿಮ್ಮಲ್ಲಿದ್ದರೆ ಲಿಖಿತವಾಗಿ ಕಳುಹಿಸಿಕೊಡಿ.

2,499 ರೂಪಾಯಿ ಹಿಂತಿರುಗಿಸಿ. ಇಲ್ಲವಾದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವಾಸವಿರುವ ಊರಿನಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ಬೆಂಗಳೂರಿನಿಂದ ಬರಲಿ, ನಾನು ಅಂಗಡಿಯ ಬಾಗಿಲೆಳೆದು ಬರುತ್ತೇನೆ. ಇನ್ನೊಂದು ಮಾತು: ಹಣ ನಾಳೆಯೇ ಬಂದರೂ ಆ ಟ್ಯಾಗ್ ಮಾತ್ರ ನಿಮಗೆ ಸಿಗುವುದಿಲ್ಲ. ಅದು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗುತ್ತದೆ, ಅದರ ಚಿತ್ರ ಬ್ಯಾಂಡಿನ ಮ್ಯಾನೇಜರಿಗೆ.

ಇಂತಿ,
ನಿಮ್ಮ ಪರೀಕ್ಷೆಯಲ್ಲಿ ಪಾಸಾದ ಗ್ರಾಹಕ
ಶಿವಮೊಗ್ಗ