ಮುಖ್ಯಮಂತ್ರಿ ಅಳಿಯನಿಗೆ ಅಂಗಡಿ ಮಾವನ ಪತ್ರ

ಪ್ರೀತಿಯ ಅಳಿಯಂದ್ರೇ,

ಅಕ್ಕ ಫೋನ್ ಮಾಡಿದ್ದಳು. ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಗೆದ್ದು ಮುಖ್ಯಮಂತ್ರಿ ಆಗಿದ್ದೀಯಂತೆ, ಮೊಬೈಲಲ್ಲೇ ವೋಟಿಂಗ್ ಮಷೀನ್ ಮಾಡಿ, ಬೆರಳಿಗೆ ಶಾಯಿ ಹಚ್ಚಿ, ಪ್ರಮಾಣವಚನ ಎಲ್ಲ ಜೋರಾಗಿ ಆಯ್ತಂತೆ. ನಮ್ಮ ಕಾಲದಲ್ಲಿ ಲೀಡರ್ ಅಂದ್ರೆ ಗಲಾಟೆ ಮಾಡಿದವರ ಹೆಸರು ಬೋರ್ಡ್ ಮೇಲೆ ಬರೆಯುವವನು, ಅಷ್ಟೇ. ಆ ಪಟ್ಟಿಯಲ್ಲಿ ನಾನು ದಿನಾ ಇರುತ್ತಿದ್ದೆ. ಖುಷಿಯಾಯ್ತು ಕಣೋ. ಆದರೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೂ ನೀನೇ ಅಡ್ಮಿನ್, ರಾತ್ರಿ ಹನ್ನೊಂದಾದರೂ ಫೋನ್ ಕೆಳಗಿಡಲ್ಲ, ಏನು ಅಂತ ಕೇಳಿದರೆ 'ಫ್ರೆಂಡಿಗೆ ಪ್ರಾಬ್ಲಂ, ನಿಂಗೆ ಹೇಳಕ್ಕಾಗಲ್ಲ' ಅಂತೀಯ ಅಂತಲೂ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದೇ ಒಂದು ತಪ್ಪು ಕೇಳು. ಹೋದ ವರ್ಷ ಒಂದು ರಾತ್ರಿ ನನ್ನ ಮೊಬೈಲ್ ರಿಪೇರಿ ಅಂಗಡಿ ಶಟರ್ ಅರ್ಧ ಇಳಿಸಿದ್ದೆ. ನಿನ್ನಷ್ಟೇ ವಯಸ್ಸಿನ ಹುಡುಗ ಬಗ್ಗಿಕೊಂಡು ಒಳಗೆ ಬಂದ. ಯೂನಿಫಾರ್ಮ್ ಇನ್ನೂ ಬದಲಿಸಿರಲಿಲ್ಲ. "ಅಣ್ಣ, ಫೋನಲ್ಲಿ ಇರೋದೆಲ್ಲ ಅಳಿಸಿಕೊಡಿ, ಏನೂ ಉಳೀಬಾರದು" ಅಂದ. ಕೈಯಲ್ಲಿ ನೂರರ ನೋಟು, ಬೆವರಿಗೆ ಒದ್ದೆಯಾಗಿ ಮೆತ್ತಗಾಗಿತ್ತು. ನಾನು ಯಾಕೆ ಅಂತ ಕೇಳಲಿಲ್ಲ. ರೀಸೆಟ್ ಮಾಡಿದೆ, ದುಡ್ಡು ತಗೊಂಡೆ, ಮನೆಗೆ ಹೋಗಿ ಊಟ ಮಾಡಿದೆ.

ಮೂರು ದಿನ ಆದಮೇಲೆ ಅವರಪ್ಪ ಬಂದರು. ಯಾರೋ ಇನ್‌ಸ್ಟಾಗ್ರಾಂನಲ್ಲಿ ಹುಡುಗಿ ಹೆಸರಲ್ಲಿ ಪರಿಚಯ ಮಾಡಿಕೊಂಡು, ಆಮೇಲೆ ವಾಟ್ಸಾಪಿಗೆ ಬಂದು, ಕಳಿಸಬಾರದ ಫೋಟೋ ತರಿಸಿಕೊಂಡು, ನಿಮ್ಮ ನೆಂಟರಿಗೆಲ್ಲ ಹಂಚುತ್ತೇನೆ ಅಂತ ಹೆದರಿಸಿದ್ದರಂತೆ. ಹುಡುಗ ಅಮ್ಮನ ಫೋನಿಂದ 3,000 ರೂಪಾಯಿ ಹಾಕಿದ್ದ. ಹಾಕಿದ ಮೇಲೆ ಮತ್ತೆ 5,000 ಕೇಳಿದ್ದಾರೆ. ಅವರು ಹಾಗೇ, ಕೊಟ್ಟಷ್ಟೂ ಕೇಳುತ್ತಾರೆ. ಪೊಲೀಸರು ಚಾಟ್ ತೋರಿಸಿ ಅಂದರೆ ತೋರಿಸಲು ಏನಿದೆ? ನಾನೇ ಅಳಿಸಿ ಕೊಟ್ಟಿದ್ದೆನಲ್ಲ. ಆ ನೂರು ರೂಪಾಯಿ ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತೆ.

ನಿನ್ನ ಫ್ರೆಂಡಿನ ಪ್ರಾಬ್ಲಂ ಇಂಥದ್ದೇ ಇರಬೇಕು ಅಂತೇನಿಲ್ಲ. ಇದ್ದರೆ ಮಾತ್ರ ಅವನಿಗೆ ಏನನ್ನೂ ಅಳಿಸಬೇಡ ಅನ್ನು. ಬೆದರಿಕೆ ಮೆಸೇಜು, ಅಕೌಂಟ್ ಹೆಸರು, ದುಡ್ಡು ಹೋದ ನಂಬರು, ಎಲ್ಲದರ ಸ್ಕ್ರೀನ್‌ಶಾಟ್ ಇರಲಿ. ಆದರೆ ಆ ಫೋಟೋ ಮಾತ್ರ 'ಸಾಕ್ಷಿಗೆ' ಅಂತ ನಿನ್ನ ಫೋನಿಗೆ ತರಿಸಿಕೊಳ್ಳಬೇಡ ಮಾರಾಯ. 18 ತುಂಬದವರ ಅಂಥ ಫೋಟೋ ಹಂಚುವುದೂ ಇಟ್ಟುಕೊಳ್ಳುವುದೂ ಪೋಕ್ಸೋ (ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಕಾಯ್ದೆ), ಐಟಿ ಕಾಯ್ದೆ ಎರಡರಲ್ಲೂ ಅಪರಾಧ, ಸ್ನೇಹಿತರ ನಡುವೆ ಆದರೂ ಅಷ್ಟೇ. ಇರುವ ಫೋನಲ್ಲೇ ಇರಲಿ, ಆ ಫೋನನ್ನೇ ದೊಡ್ಡವರ ಕೈಗೆ ಕೊಡಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸು, ಬೇಗ ಹೇಳಿದಷ್ಟೂ ಬ್ಯಾಂಕಿನವರು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಫೋಟೋ ಹರಡುವ ಭಯ ಇದ್ದರೆ 'ಟೇಕ್ ಇಟ್ ಡೌನ್' ಅಂತ ಒಂದು ಉಚಿತ ವ್ಯವಸ್ಥೆ ಇದೆ, 18 ತುಂಬದವರ ಫೋಟೋಗಳಿಗೇ ಮಾಡಿದ್ದು. ಫೋಟೋ ಎಲ್ಲಿಗೂ ಹೋಗಲ್ಲ, ಅದರ ಬೆರಳಚ್ಚಿನಂಥ ಒಂದು ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥವರಿಗೆ ಹೋಗುತ್ತೆ, ಅವರು ಅದನ್ನು ಹುಡುಕಿ ತೆಗೆಯುತ್ತಾರೆ. ವಾಟ್ಸಾಪ್ ಚಾಟಿನೊಳಗೆ ಹೋಗಿದ್ದಕ್ಕೆ ಇದು ನಡೆಯಲ್ಲ.

ಮುಖ್ಯ ಮಾತು ಇದು. 'ಯಾರಿಗೂ ಹೇಳಬೇಡ' ಅಂತ ಯಾರಾದರೂ ಆಣೆ ಹಾಕಿಸಿಕೊಂಡರೆ, ಅವರಿಗೆ ಅಪಾಯ ಇದೆ ಅನ್ನಿಸಿದಾಗ ಆ ಆಣೆ ಮುರಿ. ಅವನಿಗೆ ಹೇಳಿಯೇ ಮುರಿ, ಹಿಂದಿನಿಂದ ಬೇಡ. ಒಬ್ಬ ಟೀಚರ್‌ಗೆ ಹೇಳು, ಇಲ್ಲಾ ಅಕ್ಕನಿಗೆ, ಇಲ್ಲಾ ನನಗೆ. ಯಾರೂ ಬೇಡ ಅಂದರೆ 1098 ಮಕ್ಕಳ ಸಹಾಯವಾಣಿ. ಬದುಕೇ ಬೇಡ ಅನ್ನುವಂಥ ಮಾತು ಬಂದರೆ 14416, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ. ಆಗ ಮಾತ್ರ ಬೆಳಗಾಗಲಿ ಅಂತ ಕಾಯಬೇಡ, ಅಕ್ಕನನ್ನು ಎಬ್ಬಿಸು. ಹತ್ತನೇ ಕ್ಲಾಸಿನ ಹುಡುಗ ರಾತ್ರಿ ಹನ್ನೊಂದಕ್ಕೆ ಒಬ್ಬನೇ ಇಂಥದ್ದನ್ನೆಲ್ಲ ಹೊತ್ತುಕೊಂಡು ಕೂತರೆ ಅವನೂ ಕುಸಿಯುತ್ತಾನೆ ಕಣೋ. ನಿನಗೂ ನಿದ್ದೆ ಬೇಕು.

ಇನ್ನು ನಿನ್ನ ಸರ್ಕಾರದ ವಿಷಯ. ನಿಮ್ಮ ಶಾಲೆಗೆ ವಾರ್ಷಿಕೋತ್ಸವಕ್ಕೆ ಬಂದಾಗ ನೋಡಿದ್ದೆ, ದೂರು ಪೆಟ್ಟಿಗೆ ಹೆಡ್‌ಮಾಸ್ಟರ್ ರೂಮಿನ ಬಾಗಿಲ ಪಕ್ಕಕ್ಕೇ ತೂಗುಹಾಕಿದ್ದಾರೆ. ಯಾವ ಮಗು ಅಲ್ಲಿ ಚೀಟಿ ಹಾಕುತ್ತೆ ಹೇಳು, ಇಡೀ ಸ್ಟಾಫ್ ರೂಮಿಗೆ ಕಾಣುತ್ತೆ! ಬೀಗಕ್ಕೆ ತುಕ್ಕು ಬೇರೆ. ಮೊದಲ ಸಭೆಯಲ್ಲಿ ಇದನ್ನೇ ಎತ್ತು. ಬಿಸಿಯೂಟ ಆದಮೇಲೆ ಎಲ್ಲರೂ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಹಾಕಿಸಿ ಅಂತ ಕೇಳು, ಅಲ್ಲಿ ಯಾರು ಹಾಕಿದರು ಅಂತ ಗೊತ್ತಾಗಲ್ಲ. ವಾರಕ್ಕೊಮ್ಮೆ ತೆಗೆಯುವಾಗ ಟೀಚರ್ ಇರಲಿ. ಚೀಟಿ ನೀವು ಹುಡುಗರು ಓದಬೇಡಿ.

ಗ್ರೂಪಿನಲ್ಲಿ ಯಾರನ್ನಾದರೂ ಆಡಿಕೊಳ್ಳುವ ಸ್ಟಿಕ್ಕರ್ ಬಂದರೆ ಅಡ್ಮಿನ್ ಆದವನು ಎಲ್ಲರಿಗೂ ಕಾಣದಂತೆ ಅಳಿಸಬಹುದು, ಗೊತ್ತಲ್ವಾ? ಸ್ಕ್ರೀನ್‌ಶಾಟ್ ತಗೊಂಡು ಆಮೇಲೆ ಅಳಿಸು. ಭಾಷಣ ಬಿಗಿಯಬೇಡ, ಹಾಕಿದವನಿಗೆ ಪಕ್ಕಕ್ಕೆ ಕರೆದು ಹೇಳು.

ನಿನ್ನ ಫೋನಿನ ಗಾಜು ಒಡೆದಿದೆಯಂತೆ. ಭಾನುವಾರ ಅರಸೀಕೆರೆಗೆ ಬಾ, ಹಾಕಿಕೊಡುತ್ತೇನೆ. ದುಡ್ಡು ಬೇಡ, ಅಕ್ಕ ಮಾಡಿದ ಕೋಡುಬಳೆ ಒಂದು ಡಬ್ಬಿ ತಂದರೆ ಸಾಕು. ಬರುವಾಗ ಆ ಫ್ರೆಂಡನ್ನೂ ಕರೆದುಕೊಂಡು ಬಾ. ಈ ಸಲ ಯಾಕೆ ಅಂತ ಕೇಳುತ್ತೇನೆ.

ನಿನ್ನ ಮಾವ